ಕ್ಯಾಪಿನಡಿಯ ಹಲ್ಲು

ಕಾರವಾರ, ಅಂಕೋಲೆಗಳ ನಮ್ಮ ಹಿರಿಯರಲ್ಲಿ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರು ಈಗ ಅನೇಕರು. ಇನ್ನು ಆ ಹಲ್ಲಿಗೆ ಹುಳುಕಿನ ಭಯವಿಲ್ಲವೆಂಬುದು ಹಲವರ ನಂಬಿಕೆ. ಲೋಹಕ್ಕಾಗಲಿ ಪಿಂಗಾಣಿಗಾಗಲಿ ಹುಳುಕು ತಗಲದು, ನಿಜ. ಆದರೆ ಕ್ಯಾಪಿನ ಅಂಚು ಹಲ್ಲನ್ನು ಕೂಡುವಲ್ಲಿ, ವಸಡಿನ ಬಳಿ, ಜಿಡ್ಡು ನಿಂತು ಒಳಗಿನ ಹಲ್ಲು ಕೊಳೆಯತೊಡಗುವುದು. ಬೇರುನಾಳದ ಚಿಕಿತ್ಸೆಯಾದ ಹಲ್ಲಿನಲ್ಲಿ ನರವಿಲ್ಲದ್ದರಿಂದ ನೋವು ಎಚ್ಚರಿಸದು; ಎಷ್ಟೋ ಸಲ ಕ್ಯಾಪ್ ಕಳಚಿ ಕೈಗೆ ಬಂದಾಗಲೇ ಹಾನಿ ತಿಳಿಯುವುದು. ಅಂಕೋಲೆಯ ಕರಿ ಇಶಾಡ ಮಾವಿನ ಸೀಕರಣೆ ಉಂಡು, ಬಾಯಿಯನ್ನೂ ಮುಕ್ಕಳಿಸದೆ ಮಲಗುವವರು ಕಡಿಮೆಯೇನಿಲ್ಲ! ಮಲಗುವ ಮುನ್ನ ಫ್ಲೋರೈಡ್ ಪೇಸ್ಟು ಹಚ್ಚಿದ ಮೃದು ಬ್ರಶ್ಶನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಉಜ್ಜಬೇಕು. ಸಂದಿಗೆ ಪಿನ್ನು ಚುಚ್ಚದೆ ಹಲ್ಲಿನ ದಾರವನ್ನೇ ಆಡಿಸಬೇಕು. ಕಳಚಿದ ಕ್ಯಾಪನ್ನು ಮನೆಯ ಅಂಟಿನಿಂದ ಕೂಡ್ರಿಸದೆ, ಜೋಪಾನವಾಗಿ ದಂತವೈದ್ಯರಲ್ಲಿಗೆ ಒಯ್ಯಿರಿ.