ಕಣ್ಣಿನ ಸ್ಕ್ಯಾನ್ ರೋಗಿಯ ಕೈಗೂ ಸಿಗಲಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,



ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತದಿಂದ ನರಳುವವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಪೊರೆ ಬಂದರೆ ಆಪರೇಷನ್ ಮಾಡಿಸಿ ನೆಮ್ಮದಿಯಾಗಿರಬಹುದು. ಈ ಕಾಯಿಲೆ ಹಾಗಲ್ಲ; ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ಕೆರಳುತ್ತದೆ. ಕಾಡುವುದೂ ಹೆಚ್ಚಾಗಿ ದುಡಿಯುವ ವಯಸ್ಸಿನವರನ್ನು. ನಮ್ಮಲ್ಲಿ ಕ್ಷಯವೂ ಇದಕ್ಕೊಂದು ಮುಖ್ಯ ಕಾರಣ. ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ.

ನನ್ನ ತಂಗಿಗೂ ಇದೇ ಕಾಯಿಲೆ. ಕಣ್ಣಿನ ಸ್ಕ್ಯಾನ್ ತೆಗೆಯುವ ಒಸಿಟಿ ಯಂತ್ರದ ಮುಂದೆ ಗಲ್ಲ ಊರಿ, ಹಣೆಯನ್ನು ಪಟ್ಟಿಗೆ ಒತ್ತಿ, ಒಳಗಿನ ಗುರುತನ್ನೇ ದಿಟ್ಟಿಸುತ್ತಾ ಕೂರುತ್ತಾಳೆ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ಕ್ಷಣಗಳಲ್ಲಿ ರೆಟಿನಾದ ಪದರಗಳೆಲ್ಲ ಪರದೆಯ ಮೇಲೆ ಮೂಡುತ್ತವೆ. ರೆಟಿನಾದ ನಟ್ಟನಡುವಿನ ದಪ್ಪ ಸಾಮಾನ್ಯವಾಗಿ 250 ಮೈಕ್ರಾನ್ ಆಸುಪಾಸು. ನೀರು ತುಂಬಿಕೊಂಡಾಗ 400 ದಾಟುವುದೂ ಉಂಟು. ಗೋಡೆಯ ಮೇಲಿನ ಅಕ್ಷರಗಳನ್ನು ಎಂದಿನಂತೆ ಓದುತ್ತಿರುವಾಗಲೇ ಸ್ಕ್ಯಾನಿನಲ್ಲಿ ಸಣ್ಣ ಕಪ್ಪು ಗುಳ್ಳೆಗಳು ಕಾಣಿಸಬಹುದು. ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಇಳಿಸಬೇಕೋ ಮುಂದುವರಿಸಬೇಕೋ ಎಂದು ತೀರ್ಮಾನಿಸಲು ಡಾಕ್ಟರಿಗೆ ಇದು ದೊಡ್ಡ ಆಧಾರ. ಬೇಗ ಇಳಿಸಿದರೆ ದೃಷ್ಟಿಗೇ ಕುತ್ತು. ಬೇಡವಾದರೂ ಎಳೆದರೆ ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯ ಭಯ.

ಹಾಗಾಗಿ ಇಲ್ಲಿ ಒಂದೇ ಚಿತ್ರ ಸಾಲದು, ಇಂದಿನದನ್ನು ಹಿಂದಿನದರ ಪಕ್ಕ ಇಟ್ಟು ನೋಡಬೇಕು. ಆಸ್ಪತ್ರೆ ಬದಲಿಸಿದಾಗ ತಂಗಿಯ ಬಳಿ ಇದ್ದದ್ದು ಮಡಿಕೆ ಬಿದ್ದ ಪ್ರಿಂಟ್‌ಔಟ್ ಮಾತ್ರ. ಅದರಲ್ಲಿ ಅಂಕಿಗಳಿದ್ದವು, ಪದರಗಳ ಪೂರ್ತಿ ಸ್ಕ್ಯಾನ್ ಇರಲಿಲ್ಲ. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ಕಣ್ಣಿಗೆ ಬೇರೆ ಬೇರೆ ಅಂಕಿ ತೋರಿಸುವುದರಿಂದ ಅಂಕಿಯೊಂದನ್ನೇ ನೆಚ್ಚುವಂತಿಲ್ಲ. ಹೊಸ ಡಾಕ್ಟರು ಮೊದಲಿನಿಂದ ಶುರುಮಾಡಬೇಕಾಯಿತು.

ನಾನು ಕೇಳುತ್ತಿರುವುದು ಎರಡೇ. ಮೊದಲನೆಯದು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಕಣ್ಣಿನ ಸ್ಕ್ಯಾನ್ ಮಾಡಿದ ಪ್ರತಿ ಆಸ್ಪತ್ರೆಯೂ ಪೂರ್ತಿ ಡಿಜಿಟಲ್ ಫೈಲನ್ನು ರೋಗಿಗೆ ಕೊಡಬೇಕು. ರೋಗಿ ಒಪ್ಪಿದರೆ ಆಭಾ ಎಂಬ ಡಿಜಿಟಲ್ ಆರೋಗ್ಯ ಖಾತೆಗೂ ಜೋಡಿಸಬೇಕು. ಎರಡನೆಯದು, ಜಯನಗರ ಜನರಲ್ ಆಸ್ಪತ್ರೆಯಂಥ ಕಡೆಗಳಲ್ಲಿ ಮತ್ತು ಜಿಲ್ಲಾಸ್ಪತ್ರೆಗಳಲ್ಲಿ ತರಬೇತಿ ಪಡೆದ ತಂತ್ರಜ್ಞರು ತೆಗೆದ ಚಿತ್ರವನ್ನು ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಯ ತಜ್ಞರು ಕೂತಲ್ಲಿಂದಲೇ ನೋಡಿ ಸಲಹೆ ಕೊಡುವ ಏರ್ಪಾಡು ಆಗಬೇಕು. ಆಗ ಪ್ರತಿ ತಪಾಸಣೆಗೂ ಕೂಲಿ ಬಿಟ್ಟು ಬೆಂಗಳೂರಿಗೆ ಬರುವ ಪಾಡು ತಪ್ಪುತ್ತದೆ.

ಇದು ಆಗದ ಮಾತಲ್ಲ. ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಗೆ ರಾಜ್ಯ ಸರ್ಕಾರವೂ ಕೈಜೋಡಿಸಿತು. ತಂತ್ರಜ್ಞರು ಊರೂರಿಗೆ ಕ್ಯಾಮೆರಾ ಒಯ್ದು, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ರೆಟಿನಾ ಚಿತ್ರ ತೆಗೆದರು; ತಜ್ಞರು ದೂರದಿಂದಲೇ ಅವನ್ನು ನೋಡಿ ದಾರಿ ಹೇಳಿದರು. ಕೂಸುಗಳಿಗೆ ಆದದ್ದು ದೊಡ್ಡವರಿಗೂ ಆಗಲಿ.

ಎರಡನೆಯದಕ್ಕೆ ಹಣ, ಯಂತ್ರ, ಜನ ಬೇಕು. ಸಮಯ ಹಿಡಿಯುತ್ತದೆ ಎಂಬುದು ಗೊತ್ತು. ಮೊದಲನೆಯದಕ್ಕೆ ಹೊಸ ಯಂತ್ರವೇ ಬೇಡ. ಫೈಲುಗಳು ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ಈಗಾಗಲೇ ಇವೆ. ರೋಗಿಗೆ ಕೊಡಿ ಎಂದು ತಾವೊಂದು ಆದೇಶ ಹೊರಡಿಸಬೇಕು, ಅಷ್ಟೇ.

ಇಂತಿ ತಮ್ಮ ವಿಶ್ವಾಸಿ,
ಪದ್ಮನಾಭನಗರದ ಒಬ್ಬ ನಿವಾಸಿ