ಬೆಳೆಗೆ ಹೋಬಳಿಯ ಲೆಕ್ಕ, ಬಿಸಿಲಿಗೆ ಜಿಲ್ಲೆಯ ಗೆರೆ

ಕಲಬುರಗಿ ವಿಭಾಗದ ಎಲ್ಲ ಜಿಲ್ಲೆಗಳು ಹಾಗೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ 2025ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಿಗದಿಪಡಿಸಲಾಗಿತ್ತು. ಬೇಸಿಗೆಯಲ್ಲಿ ಇಂಥ ಆದೇಶ ಹೊರಡುವುದು ಹೊಸದೇನಲ್ಲ; ಅದರಲ್ಲಿ ಆಕ್ಷೇಪಿಸಬೇಕಾದುದೂ ಇಲ್ಲ. ಬಿಸಿಲು ಮನುಷ್ಯನ ಆರೋಗ್ಯಕ್ಕೆ ಅಪಾಯಕಾರಿ, ಅದಕ್ಕೆ ತಕ್ಕಂತೆ ದುಡಿಮೆಯ ಹೊತ್ತು ಬದಲಾಗಬೇಕು ಎಂಬ ತತ್ವವನ್ನು ಸರ್ಕಾರ ಒಪ್ಪಿಕೊಂಡಿದೆ ಎಂಬುದಕ್ಕೆ ಆ ಆದೇಶವೇ ಸಾಕ್ಷಿ. ಆದರೆ ಆ ತತ್ವ ಮೊದಲು ಅನ್ವಯವಾದದ್ದು ಸೂರು ಮತ್ತು ಫ್ಯಾನು ಇರುವವರಿಗೆ. ಅದೂ ಜಿಲ್ಲೆಯ ಗಡಿ ನೋಡಿ. ಇವೆರಡೂ ಪ್ರಶ್ನಾರ್ಹ.

ಜಿಲ್ಲೆಯ ಗಡಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಧಾರವಾಡ ಎಂದಾಗ ಹೊರಗಿನವರ ಕಣ್ಣಿಗೆ ಕಟ್ಟುವುದು ತಂಪು ಹವೆಯ, ಜಿಟಿಜಿಟಿ ಮಳೆಯ ಊರು. ಕಲಘಟಗಿ, ಅಳ್ನಾವರಗಳ ಅರೆ ಮಲೆನಾಡಿಗೆ ಈ ಚಿತ್ರ ಒಪ್ಪೀತು. ಅದೇ ಜಿಲ್ಲೆಯ ಪೂರ್ವಕ್ಕಿರುವ ನವಲಗುಂದ, ಅಣ್ಣಿಗೇರಿ ತಾಲ್ಲೂಕುಗಳು ಬೇರೆಯೇ ಲೋಕ. ಮೊರಬದ ಸುತ್ತ ನಿಂತು ನೋಡಿದರೆ ಕಣ್ಣು ಹಾಯುವವರೆಗೂ ಎರೆಭೂಮಿ. ನೆರಳಿಗೆ ಮರ ಹುಡುಕಬೇಕು. ಕಪ್ಪು ನೆಲ ಹಗಲೆಲ್ಲ ಬಿಸಿಲನ್ನು ಹೀರಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ನವಲಗುಂದದಿಂದ ವಿಜಯಪುರದ ಹೆದ್ದಾರಿ ಹಿಡಿದು ನರಗುಂದ ದಾಟಿದರೆ ಕುಳಗೇರಿ ಕ್ರಾಸ್. ಅಲ್ಲಿಂದ ಬಾಗಲಕೋಟೆ ಜಿಲ್ಲೆ. ಮಣ್ಣು ಅದೇ, ಬಿಸಿಲು ಹೆಚ್ಚುಕಡಿಮೆ ಅದೇ. ಆದೇಶ ಮಾತ್ರ ಗಡಿಯಾಚೆಗೇ ನಿಲ್ಲುತ್ತದೆ.

‘ಬಿಸಿಗಾಳಿ’ ಎಂಬ ಶಬ್ದಕ್ಕೆ ಹವಾಮಾನ ಇಲಾಖೆಯಲ್ಲಿ ಖಚಿತ ಅರ್ಥವಿದೆ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಅಥವಾ ನೇರವಾಗಿ 45 ಡಿಗ್ರಿ ತಲುಪಬೇಕು. ಮುನ್ಸೂಚನೆಯ ಶಾಸ್ತ್ರಕ್ಕೆ ಇಂಥ ಅಳತೆಗೋಲು ಬೇಕು, ನಿಜ. ಆದರೆ ವಾಡಿಕೆಯೇ 38 ಡಿಗ್ರಿ ಇರುವ ಕಡೆ 41 ಡಿಗ್ರಿಯಲ್ಲಿ ಎಂಟು ತಾಸು ಮಣ್ಣು ಹೊತ್ತ ಹೆಣ್ಣುಮಗಳು ಈ ವ್ಯಾಖ್ಯೆಯ ಪ್ರಕಾರ ಬಿಸಿಗಾಳಿಗೆ ಸಿಕ್ಕಿಲ್ಲ. ಫೆಬ್ರುವರಿಯ ಸುಡುಬಿಸಿಲಿಗಂತೂ ಇದರಲ್ಲಿ ಜಾಗವೇ ಇಲ್ಲ.

ಮೊರಬದ ಸೀಮೆಗೆ ಫೆಬ್ರುವರಿಯೇ ಮುಖ್ಯ. ಏಪ್ರಿಲ್–ಮೇನಲ್ಲಿ ಇಲ್ಲಿಯ ಒಣಭೂಮಿ ಬಹುಮಟ್ಟಿಗೆ ಖಾಲಿ. ಹಿಂಗಾರಿನ ಕಡಲೆ, ಗೋಧಿ, ಜೋಳ, ಕುಸುಬೆ ಕೊಯ್ಲಿಗೆ ಬರುವುದು ಬೇಸಿಗೆಯ ಬಾಗಿಲಲ್ಲಿ. ಕಡಲೆ ಕೀಳುವವರು ಇಬ್ಬನಿಯ ತಂಪಿರುವಾಗಲೇ ಹೊಲಕ್ಕಿಳಿಯುವುದು ರೂಢಿ. ಬಿಸಿಲೇರಿದಂತೆ ಗಿಡ ಒಣಗಿ ಕಾಯಿ ಉದುರುತ್ತದೆ. ಅಂದರೆ ಬೆಳೆಯ ಹಿತವೂ ದುಡಿಯುವವರ ಹಿತವೂ ಬೆಳಗಿನ ಹೊತ್ತಿನಲ್ಲೇ ಕೂಡುತ್ತಿದ್ದವು. 2022ರ ಮಾರ್ಚ್‌ನಲ್ಲಿ ದೇಶದ ಸರಾಸರಿ ಗರಿಷ್ಠ ತಾಪಮಾನ ದಾಖಲೆ ಆರಂಭವಾದ 1901ರಿಂದೀಚಿನ ಮಾರ್ಚ್‌ಗಳಲ್ಲೇ ಅತ್ಯಧಿಕ. ಮರುವರ್ಷ ಫೆಬ್ರುವರಿಯೂ ಅದೇ ಸಾಲಿಗೆ ಸೇರಿತು. 1901ರಿಂದ 2018ರ ಅವಧಿಯಲ್ಲಿ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಅಂಕಿ ಸಣ್ಣದಾಗಿ ಕಾಣಬಹುದು. ಸುಗ್ಗಿಯ ತಂಪು ಹೊತ್ತು ದಿನಕ್ಕೆ ಒಂದು ತಾಸು ಕಡಿಮೆಯಾದರೂ ಎಕರೆಗಿಷ್ಟೆಂದು ಗುತ್ತಿಗೆ ಹಿಡಿದ ಹೆಣ್ಣಾಳುಗಳಿಗೆ ಅದು ಸಣ್ಣದಲ್ಲ. ಆ ಒಂದು ತಾಸಿನ ಕೆಲಸವನ್ನು ಅವರು ನೆತ್ತಿಯ ಬಿಸಿಲಿನಲ್ಲಿ ಮುಗಿಸಬೇಕಾಗುತ್ತದೆ.

ದೇಹದ ಒಳಗಿನ ತಾಪ 37 ಡಿಗ್ರಿಯ ಆಸುಪಾಸಿನಲ್ಲಿ ಉಳಿಯಬೇಕು. ದುಡಿಮೆಯೇ ಶಾಖವನ್ನು ಹುಟ್ಟಿಸುತ್ತದೆ. ಅದನ್ನು ಹೊರಹಾಕಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಹೃದಯದ ಬಡಿತ ಹೆಚ್ಚುತ್ತದೆ, ಬೆವರು ಆರಿದಾಗ ಮೈ ತಣಿಯುತ್ತದೆ. ಒಣ ಬಿಸಿಲಿನಲ್ಲಿ ಬೆವರು ಬೇಗ ಆರುವುದರಿಂದ ಎಷ್ಟು ನೀರು ಹೋಯಿತೆಂಬುದೇ ತಿಳಿಯುವುದಿಲ್ಲ. ಒಂದೆರಡು ಅಡ್ಡಮಳೆ ಬಿದ್ದು ಗಾಳಿಯಲ್ಲಿ ತೇವ ಸೇರಿದಾಗ ಬೆವರು ಆರುವುದೇ ಇಲ್ಲ. ಆಗ ಕಡಿಮೆ ತಾಪಮಾನವೂ ಅಪಾಯವೇ. ಒಳಗಿನ ತಾಪ 40 ಡಿಗ್ರಿ ಮೀರಿ ಮಾತು ತೊದಲತೊಡಗಿದರೆ ಅದು ಉಷ್ಣಾಘಾತ. ರೋಗಿಯ ಮೈಯನ್ನು ಮೊದಲ ಅರ್ಧ ತಾಸಿನಲ್ಲೇ ತಣಿಸಬೇಕು. ಎರೆಹೊಲದ ನಡುವಿನಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಅಷ್ಟು ಹೊತ್ತಿನಲ್ಲಿ ತಲುಪುವುದು ಆಗದ ಮಾತು. ಚಿಕಿತ್ಸೆ ಹೊಲದಲ್ಲೇ, ಒಂದು ಕೊಡ ತಣ್ಣೀರಿನಿಂದಲೇ ಆರಂಭವಾಗಬೇಕು.

ಆ ಒಂದು ಕೊಡ ನೀರೇ ಇಲ್ಲಿ ತುಟ್ಟಿ. ನವಲಗುಂದದ ಬಯಲಿನಲ್ಲಿ ಕೊಳವೆಬಾವಿ ಕೊರೆದರೂ ಬಹಳ ಕಡೆ ಸಿಗುವುದು ಸವಳು ನೀರು. ಕುಡಿಯಲು ಊರ ಕೆರೆಯೇ ಆಧಾರ. ಕೆರೆಗೆ ಮಲಪ್ರಭೆಯ ಕಾಲುವೆ ಆಧಾರ. ಮಹದಾಯಿ ನೀರಿಗಾಗಿ 2015ರಲ್ಲಿ ಇದೇ ಸೀಮೆ ದೀರ್ಘ ಹೋರಾಟಕ್ಕಿಳಿದದ್ದನ್ನು ನಾಡು ಬಲ್ಲದು. ಆ ಚರ್ಚೆಯೆಲ್ಲ ನೀರಾವರಿ ಮತ್ತು ಕುಡಿಯುವ ನೀರಿನ ಲೆಕ್ಕದಲ್ಲಿ ನಡೆಯಿತು. ಆರೋಗ್ಯದ ಲೆಕ್ಕದಲ್ಲೂ ನಡೆಯಬೇಕಿತ್ತು. ಹೊಲಕ್ಕೆ ಒಯ್ದ ತತ್ರಾಣಿಯ ನೀರು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮರೆಯಿಲ್ಲದ ಬಯಲಿನಲ್ಲಿ ಮೂತ್ರಕ್ಕೆ ಹೋಗುವ ಸಂಕೋಚದಿಂದ ಹೆಂಗಸರು ಇದ್ದ ನೀರನ್ನೂ ಕುಡಿಯದೆ ತಡೆಯುತ್ತಾರೆ. ಬಿಸಿಲು, ದುಡಿಮೆ, ನೀರಿನ ಕೊರತೆ ದಿನದಿನವೂ ಕೂಡಿದರೆ ಮೂತ್ರಪಿಂಡಕ್ಕೆ ಏನಾಗಬಹುದು ಎಂಬುದಕ್ಕೆ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳ ಕಬ್ಬು ಕಡಿಯುವವರ ಅನುಭವ ಕಣ್ಣಮುಂದಿದೆ. ಮಧುಮೇಹವಾಗಲೀ ರಕ್ತದೊತ್ತಡವಾಗಲೀ ಇಲ್ಲದ ಯುವಕರೂ ಅಲ್ಲಿ ಮೂತ್ರಪಿಂಡದ ವೈಫಲ್ಯಕ್ಕೆ ತುತ್ತಾದರು. ನಿಕರಾಗುವಾದ ಸಕ್ಕರೆ ಕಾರ್ಖಾನೆಯೊಂದರ ಗದ್ದೆಗಳಲ್ಲಿ ನೀರು, ನೆರಳು, ಕಡ್ಡಾಯ ವಿರಾಮದ ವ್ಯವಸ್ಥೆ ಬಂದ ಮೇಲೆ ಈ ಹಾನಿ ತಗ್ಗಿತು. ಗರ್ಭಿಣಿಯರ ಪಾಡಂತೂ ಇನ್ನೂ ಗಂಭೀರ. ತಮಿಳುನಾಡಿನ ಸುಮಾರು 800 ಗರ್ಭಿಣಿಯರನ್ನು ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಬಿಸಿಲಿನಲ್ಲಿ ದುಡಿದವರಿಗೆ ಗರ್ಭಪಾತ ಮತ್ತು ಮೃತಶಿಶು ಜನನದ ಅಪಾಯ ಸುಮಾರು ಎರಡು ಪಟ್ಟು ಎಂದು ಕಂಡುಬಂದಿದೆ.

ಮನೆಗೆ ಬಂದ ಮೇಲಾದರೂ ಮೈ ತಣಿಯಬೇಕು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಆ ಕೆಲಸ ಮಾಡುತ್ತಿದ್ದವು. 2019ರ ಆಗಸ್ಟ್‌ನ ಮಳೆ ಮತ್ತು ಬೆಣ್ಣೆಹಳ್ಳದ ಪ್ರವಾಹದಲ್ಲಿ ಅಂಥ ಮನೆಗಳು ಬಹಳ ಬಿದ್ದವು. ಅವುಗಳ ಜಾಗದಲ್ಲಿ ತಗಡು, ಕಾಂಕ್ರೀಟು ಬರುತ್ತಿವೆ. ಮಳೆಗೆ ಹೆದರಿ ಕಟ್ಟಿದ ಸೂರು ಬೇಸಿಗೆಯ ರಾತ್ರಿಯಲ್ಲಿ ಕಾದ ಹಂಚಾಗುತ್ತದೆ. ಪರಿಹಾರದ ಹಣ ಕೊಡುವಾಗ ಈ ಮಾತು ಯಾರಿಗೂ ಹೊಳೆಯಲಿಲ್ಲವೇ?

ಈ ಸೀಮೆಯ ಹವೆಯ ಬಗ್ಗೆ ಸರ್ಕಾರಕ್ಕೆ ಮಾಹಿತಿಯೇ ಇಲ್ಲ ಎನ್ನುವಂತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿಗಳಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನೂ ಇಟ್ಟಿದೆ. ಹೋಬಳಿ ಕೇಂದ್ರಗಳು ಮಳೆಯನ್ನಷ್ಟೇ ಅಲ್ಲ, ತಾಪಮಾನ ಮತ್ತು ತೇವಾಂಶವನ್ನೂ ಅಳೆಯುತ್ತವೆ. ಬೆಳೆ ವಿಮೆಯಲ್ಲಿ ಹೆಸರು, ಕಡಲೆಯ ನಷ್ಟವನ್ನು ಹೋಬಳಿ ಅಥವಾ ಪಂಚಾಯಿತಿಯ ಲೆಕ್ಕದಲ್ಲಿ ನಿರ್ಧರಿಸುತ್ತಾರೆ. ಇಡೀ ಜಿಲ್ಲೆಯ ಸರಾಸರಿ ಹಿಡಿದು ವಿಮೆ ಕೊಡುತ್ತೇವೆ ಎಂದರೆ ರೈತ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕಡಲೆಗೆ ಸಿಕ್ಕಿರುವ ಈ ಸೂಕ್ಷ್ಮ ಲೆಕ್ಕ ಕಡಲೆ ಕೀಳುವವರಿಗೆ ಏಕೆ ಸಿಗಬಾರದು?

ಅಹಮದಾಬಾದ್‌ನಲ್ಲಿ 2010ರ ಮೇ ತಿಂಗಳಲ್ಲಿ ತಾಪಮಾನ 46.8 ಡಿಗ್ರಿಗೇರಿದಾಗ ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚು ಸಂಭವಿಸಿದ್ದವು. ಉಷ್ಣಾಘಾತವೆಂದು ಬರೆದ ಸಾವುಗಳನ್ನು ಎಣಿಸಿ ಸಿಕ್ಕ ಅಂಕಿಯಲ್ಲ ಇದು. ಒಟ್ಟು ಸಾವುಗಳನ್ನು ಹಿಂದಿನ ವರ್ಷಗಳೊಡನೆ ಹೋಲಿಸಿದಾಗ ಹೊರಬಿದ್ದ ಸತ್ಯ. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲು ನಿರ್ವಹಣಾ ಯೋಜನೆಯನ್ನು ರೂಪಿಸಿತು. ನಮ್ಮ ಹಳ್ಳಿಗಳಲ್ಲಿ ಬಿಸಿಲಿನ ಸಾವು ‘ಹೃದಯಾಘಾತ’, ‘ವಯೋಸಹಜ’ ಎಂಬ ಹೆಸರಿನಲ್ಲಿ ದಾಖಲೆ ಸೇರುತ್ತದೆ; ಮನೆಯಲ್ಲೇ ಸತ್ತರೆ ಕಾರಣ ಕೇಳುವವರೇ ಇರುವುದಿಲ್ಲ. ತಮಿಳುನಾಡು 2024ರ ಅಕ್ಟೋಬರ್‌ನಲ್ಲಿ, ತೆಲಂಗಾಣ 2025ರ ಏಪ್ರಿಲ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯದ ಮಟ್ಟಿಗೆ ವಿಕೋಪವೆಂದು ಘೋಷಿಸಿ ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿದವು. ಪರಿಹಾರದ ಆಸೆಗೆ ಸುಳ್ಳು ದಾಖಲೆ ಹುಟ್ಟೀತು ಎಂಬ ಅಳುಕು ಅಧಿಕಾರಿಗಳಿಗೆ ಇರಬಹುದು. ದಾಖಲೆಯೇ ಹುಟ್ಟದಿರುವುದು ಅದಕ್ಕಿಂತ ದೊಡ್ಡ ಸುಳ್ಳು.

ಹೋಬಳಿ ಕೇಂದ್ರದ ತಾಪ ಮತ್ತು ತೇವಾಂಶ ಇಂತಿಷ್ಟು ಮೀರಿದ ದಿನ, ತಿಂಗಳು ಯಾವುದೇ ಇರಲಿ, ಆ ಹೋಬಳಿಯ ಸಾರ್ವಜನಿಕ ಕಾಮಗಾರಿಗಳು ಮಧ್ಯಾಹ್ನ ನಿಲ್ಲಬೇಕು. ನಿಂತ ಹೊತ್ತಿಗೂ ಕೂಲಿ ಸಿಗಬೇಕು. ಇಲ್ಲವಾದರೆ ಯಾರೂ ನಿಲ್ಲುವುದಿಲ್ಲ. ಅಗೆದ ಮಣ್ಣಿನ ಅಳತೆಗೆ ಕೂಲಿ ಕಟ್ಟುವ ಕಡೆ ವಿಶ್ರಾಂತಿಯ ಉಪದೇಶ ವ್ಯರ್ಥ. ಬೇಸಿಗೆಯಲ್ಲಿ ಕೆಲಸದ ಪ್ರಮಾಣ ತಗ್ಗಿಸಿ ಪೂರ್ಣ ಕೂಲಿ ಕೊಡುವ ರಿಯಾಯಿತಿ ಉದ್ಯೋಗ ಖಾತ್ರಿಯಲ್ಲಿ ರಾಜ್ಯಕ್ಕೆ ಪರಿಚಿತ. ಅದು ಕ್ಯಾಲೆಂಡರಿಗೆ ಕಟ್ಟುಬಿದ್ದ ರಿಯಾಯಿತಿ. ಅದನ್ನು ತಾಪಮಾಪಕಕ್ಕೆ ಕಟ್ಟಬೇಕು. ಕಾಮಗಾರಿ ಸ್ಥಳದಲ್ಲಿ ಕುಡಿಯುವ ನೀರು, ಮಕ್ಕಳಿಗೆ ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು 2005ರ ಕಾಯ್ದೆಯಲ್ಲೇ ಬರೆದಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ ಬೇರೊಂದು ಕಾನೂನು ತಂದಿದೆ. ಹೆಸರು ಯಾವುದಾದರೂ ಇರಲಿ, ನೆರಳಿನ ವ್ಯವಸ್ಥೆ ಮಾಡುವ ಹೊಣೆ ಯಾರದೆಂಬುದು ರಾಜ್ಯದ ನಿಯಮಗಳಲ್ಲಿ ಸ್ಪಷ್ಟವಾಗಬೇಕು.

ಖಾಸಗಿ ಹೊಲಕ್ಕೆ ಇಂಥ ಆದೇಶ ನಡೆಯದು. ಅಲ್ಲಿ ಮಾಲೀಕನೂ ಹಲವೊಮ್ಮೆ ಆಳಿನ ಪಕ್ಕದಲ್ಲೇ ಬಾಗಿ ದುಡಿಯುತ್ತಿರುತ್ತಾನೆ. ಅವರಿಬ್ಬರಿಗೂ ಮುನ್ನಾದಿನ ಸಂಜೆಯೇ ಸುದ್ದಿ ಮುಟ್ಟಬೇಕು. ಪಂಚಾಯಿತಿಯ ಧ್ವನಿವರ್ಧಕ, ಡಂಗುರ, ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇಷ್ಟಕ್ಕೆ ಹೊಸ ಇಲಾಖೆ ಬೇಕಿಲ್ಲ. ನವಲಗುಂದ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಬಳಿ ಮಾಪನದ ಅಂಕಿಗಳನ್ನು ನಿತ್ಯ ಕಳುಹಿಸುವ ಮತ್ತು ಜನವರಿಯಿಂದಲೇ ಪ್ರತಿ ಸಾವಿನ ದಿನದ ತಾಪಮಾನವನ್ನು ದಾಖಲೆಯ ಪಕ್ಕದಲ್ಲಿ ಬರೆದಿಡುವ ಕೆಲಸವನ್ನು ಜಿಲ್ಲಾಡಳಿತ ಮುಂದಿನ ಕಡಲೆ ಸುಗ್ಗಿಗೆ ಮುನ್ನವೇ ಆರಂಭಿಸಬಹುದು.