ಗುಜರಿ ಸೇರುವ ಮುನ್ನ

ಹಳೆಯ ಎನ್‌ಲಾರ್ಜರ್‌ಗೆ ಇಂದು ಎರಡು ಬೆಲೆಗಳಿವೆ. ಗುಜರಿಯವನು ಲೋಹದ ತೂಕ ನೋಡಿ ಕೊಡುವ ಬೆಲೆ ಒಂದು. ಹಳೆಯ ವಸ್ತುಗಳ ವ್ಯಾಪಾರಿ ಅಲಂಕಾರದ ಸಾಮಾನೆಂದು ಹೇಳುವ ಬೆಲೆ ಇನ್ನೊಂದು. ಮೊದಲನೆಯದು ಯಂತ್ರಕ್ಕೆ ಅವಮಾನ, ಎರಡನೆಯದು ಕೊಳ್ಳುವವನ ಜೇಬಿಗೆ ಭಾರ. ನೆಗೆಟಿವ್‌ನಿಂದ ತಾನೇ ಚಿತ್ರ ಮುದ್ರಿಸಬೇಕೆಂಬ ಹಂಬಲವುಳ್ಳವನಿಗೆ ಒಪ್ಪುವ ನ್ಯಾಯವಾದ ಬೆಲೆ ಇವೆರಡರ ನಡುವೆ ಎಲ್ಲೋ ಇದೆ. ಅದನ್ನು ಗೊತ್ತುಮಾಡುವ ಪೇಟೆಯಿಲ್ಲ. ಒಂದು ಕಾಲಕ್ಕೆ ಊರೂರಿನ ಸ್ಟುಡಿಯೋಗಳಲ್ಲಿ ದುಡಿದ ಯಂತ್ರಗಳಲ್ಲಿ ಎಷ್ಟೋ ಇನ್ನೂ ಅಟ್ಟದ ಮೇಲೆ ಧೂಳು ತಿನ್ನುತ್ತಿವೆ. ಅವು ಬೇಕಾದವರ ಕೈ ಸೇರುವ ದಾರಿಯನ್ನು ನಾವೇ ಮಾಡಬೇಕು ಎಂಬುದು ನನ್ನ ವಾದ.

ಸ್ಕ್ಯಾನರ್ ಇರುವಾಗ ಈ ಶ್ರಮವೇಕೆ ಎಂಬ ಪ್ರಶ್ನೆ ಸಹಜ. ನೆಗೆಟಿವ್‌ನ ಚಿತ್ರವನ್ನು ಪರದೆಗೆ ತರಲು, ದಾಖಲೆಯಾಗಿ ಉಳಿಸಲು ಸ್ಕ್ಯಾನರ್ ಸಾಕು. ಆದರೆ ಕಪ್ಪು-ಬಿಳುಪು ಛಾಯಾಗ್ರಹಣದ ಅರ್ಧ ಕೆಲಸ ನಡೆಯುತ್ತಿದ್ದುದು ಕತ್ತಲೆಕೋಣೆಯಲ್ಲಿ. ನೆರಳಿನಲ್ಲಿರುವ ಮುಖ ತೀರ ಕಪ್ಪಾಗದಂತೆ ಅಂಗೈ ಅಡ್ಡ ಹಿಡಿದು ಕೆಲವು ಸೆಕೆಂಡು ಬೆಳಕನ್ನು ತಡೆಯುವುದು, ಆಕಾಶಕ್ಕೆ ಇನ್ನಷ್ಟು ಬೆಳಕು ಉಣಿಸಿ ಮೋಡವನ್ನು ಮೂಡಿಸುವುದು, ಇವೆಲ್ಲ ಒಂದೇ ನೆಗೆಟಿವ್ ಅನ್ನು ಬೇರೆ ಬೇರೆ ರೀತಿಯಲ್ಲಿ ಓದುವ ಕ್ರಮಗಳು. ಮೈಸೂರಿನ ಟಿ. ಎಸ್. ಸತ್ಯನ್ ಅವರ ತಲೆಮಾರಿನವರ ಚಿತ್ರಗಳನ್ನು ಮೆಚ್ಚುವ ನಾವು, ಅಂಥ ಚಿತ್ರಗಳು ಕಾಗದದ ಮೇಲೆ ಮೂಡುತ್ತಿದ್ದ ಬಗೆಯನ್ನೂ ಅರಿಯಬೇಡವೇ? ಪುಸ್ತಕದಿಂದ ಅರಿಯಬಹುದಾದದ್ದು ಸ್ವಲ್ಪ. ಉಳಿದದ್ದು ಕೈಗೆ ಮಾತ್ರ ದಕ್ಕುವ ವಿದ್ಯೆ.

ಯಂತ್ರವಾದರೋ ಸರಳ. ಮೇಲೆ ದೀಪ, ಅದರ ಕೆಳಗೆ ಬೆಳಕನ್ನು ಒಗ್ಗೂಡಿಸುವ ಕಂಡೆನ್ಸರ್, ಬಳಿಕ ನೆಗೆಟಿವ್, ಅದರಡಿ ಲೆನ್ಸ್, ತಳದ ಹಲಗೆಯ ಮೇಲೆ ಕಾಗದ. ಸಾಧಾರಣ ಮಾದರಿಗಳಲ್ಲಿ ಕೆಡುವಂಥ ಎಲೆಕ್ಟ್ರಾನಿಕ್ ಭಾಗಗಳಿಲ್ಲ. ಹಾಗಾಗಿಯೇ ಐವತ್ತು ವರ್ಷ ಹಳೆಯದೂ ದುಡಿಯಬಲ್ಲದು. 35 ಮಿ.ಮೀ. ಫಿಲ್ಮ್‌ನ ಒಂದು ಚಿತ್ರದ ಅಳತೆ 24×36 ಮಿ.ಮೀ. ಅದನ್ನು 8×10 ಇಂಚಿನ ಕಾಗದ ತುಂಬುವಂತೆ ಹಿಗ್ಗಿಸಿದರೆ ಉದ್ದಗಲ ಎಂಟು ಪಟ್ಟು ಮೀರುತ್ತದೆ. ಯಂತ್ರದ ತಲೆ ತುಸು ಓರೆಯಾಗಿದ್ದರೂ ಚಿತ್ರದ ಒಂದು ಮೂಲೆ ಮಸುಕಾಗುತ್ತದೆ. ಆದ್ದರಿಂದ ಕೊಳ್ಳುವವರು ಡರ್ಸ್ಟ್, ಮಿಯೋಪ್ಟಾ ಮುಂತಾದ ಹೆಸರುಗಳಿಗೆ ಮರುಳಾಗುವ ಮೊದಲು ಕಂಬ ಅಲುಗಾಡುತ್ತದೆಯೇ, ತಲೆ ಹಲಗೆಗೆ ಸಮಾನಾಂತರವಾಗಿದೆಯೇ, ನೆಗೆಟಿವ್ ಹಿಡಿಯುವ ಚೌಕಟ್ಟು ಜೊತೆಗಿದೆಯೇ ಎಂದು ನೋಡಬೇಕು. ಚೌಕಟ್ಟು ಕಳೆದಿದ್ದರೆ ಆ ಮಾದರಿಗೆ ಹೊಂದುವ ಇನ್ನೊಂದನ್ನು ಹುಡುಕುವುದು ಕಷ್ಟ. ಲೆನ್ಸ್‌ನ ಚಿಂತೆ ಕಡಿಮೆ. ಕರಾವಳಿ ನಗರಗಳ ತೇವಕ್ಕೆ ಅದು ಬೂಷ್ಟು ಹಿಡಿದಿದ್ದರೂ, ಬಹುಪಾಲು ಲೆನ್ಸ್‌ಗಳ ತಿರುಪು 39 ಮಿ.ಮೀ. ಅಳತೆಯದಾದ್ದರಿಂದ ಬದಲಿಸಿಕೊಳ್ಳಬಹುದು, 35 ಮಿ.ಮೀ. ಫಿಲ್ಮ್‌ಗೆ 50 ಮಿ.ಮೀ. ಲೆನ್ಸ್ ಸರಿಹೊಂದುತ್ತದೆ.

ಯಂತ್ರಕ್ಕೆ ಕೈಬಿಚ್ಚಿ ಹಣ ಸುರಿಯದಿರಲು ಇನ್ನೊಂದು ಕಾರಣವಿದೆ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಸರ್ಕಾರಿ ಉದ್ಯಮ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮ್ ಮತ್ತು ಕಾಗದವನ್ನು ತಯಾರಿಸುತ್ತಿತ್ತು. ಈಗ ಅದು ಮುಚ್ಚಿದೆ. ಇಲ್‌ಫೋರ್ಡ್‌ನ ಕಾಗದ ಇಂಗ್ಲೆಂಡಿನಿಂದ, ಫೋಮಾದ್ದು ಜೆಕ್ ದೇಶದಿಂದ ಬರಬೇಕು. ಯಂತ್ರ ಒಮ್ಮೆ ಕೊಳ್ಳುವ ವಸ್ತು, ಕಾಗದ ಪ್ರತಿ ತಿಂಗಳ ಖರ್ಚು. ದೆಹಲಿಯ ಚಾಂದನಿ ಚೌಕ ಅಥವಾ ಮುಂಬೈನ ಚೋರ್ ಬಜಾರಿನಲ್ಲಿ ಚೌಕಾಸಿ ಮಾಡುವಾಗ ಈ ಲೆಕ್ಕ ತಲೆಯಲ್ಲಿರಲಿ. ಅದಕ್ಕಿಂತ ಮೊದಲು ನಿಮ್ಮ ಬಡಾವಣೆಯ ಹಳೆಯ ಸ್ಟುಡಿಯೋ ಮಾಲೀಕರನ್ನು ವಿಚಾರಿಸಿ. ಯಂತ್ರ ಮತ್ತೆ ಕೆಲಸಕ್ಕೆ ಬರುತ್ತದೆಂದು ತಿಳಿದರೆ ಹಿರಿಯ ಕಸುಬುದಾರರು ಬೆಲೆ ಇಳಿಸುವುದುಂಟು, ಜೊತೆಗೆ ನಾಲ್ಕು ಪಾಠ ಹೇಳಿಕೊಡುವುದೂ ಉಂಟು.

ಕೇಂದ್ರ ಸರ್ಕಾರಿ ನೌಕರನಾಗಿ ಇನ್ನೊಂದು ಮೂಲದತ್ತ ಬೊಟ್ಟು ಮಾಡಬಲ್ಲೆ. ಪುರಾತತ್ವ, ಪೊಲೀಸ್, ವಾರ್ತೆಯಂಥ ಇಲಾಖೆಗಳು, ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ಕತ್ತಲೆಕೋಣೆಗಳನ್ನು ನಡೆಸಿದ ಕಾಲವೊಂದಿತ್ತು. ಅಲ್ಲಿನ ಯಂತ್ರ ಈಗ ಕಡತದ ಭಾಷೆಯಲ್ಲಿ ‘ನಿರುಪಯುಕ್ತ’. ಮುರಿದ ಕುರ್ಚಿಗಳ ರಾಶಿಯೊಂದಿಗೆ ಸೇರಿಸಿ ಮಾರಿದರೆ ಕಚೇರಿ ಸ್ವಚ್ಛವಾಗುತ್ತದೆ, ಯಂತ್ರ ಕರಗುತ್ತದೆ. 2017ರ ಸಾಮಾನ್ಯ ಹಣಕಾಸು ನಿಯಮಗಳು ಎರಡು ಲಕ್ಷ ರೂಪಾಯಿಗಿಂತ ಕಡಿಮೆ ಮೌಲ್ಯದ ವಸ್ತುಗಳ ವಿಲೇವಾರಿ ವಿಧಾನವನ್ನು ಸಕ್ಷಮ ಅಧಿಕಾರಿಯ ವಿವೇಚನೆಗೆ ಬಿಟ್ಟಿವೆ. ಆ ವಿವೇಚನೆಯನ್ನು ಬಳಸಿ ಎನ್‌ಲಾರ್ಜರ್ ಅನ್ನು ಪ್ರತ್ಯೇಕವಾಗಿ ಪಟ್ಟಿಮಾಡಿ, ಕಲಾಶಾಲೆಗಳಿಗೂ ಆಸಕ್ತರಿಗೂ ತಿಳಿಯುವಂತೆ ಮಾರಾಟಕ್ಕಿಟ್ಟರೆ ಬೊಕ್ಕಸಕ್ಕೆ ನಷ್ಟವೇನೂ ಇಲ್ಲ. ತೂಕದ ಬೆಲೆಗಿಂತ ಹೆಚ್ಚೇ ಬಂದೀತು.

ಆದರೂ ಒಂದು ತೊಡಕು ಉಳಿಯುತ್ತದೆ. ಹೊರನಾಡಿನ ನಮ್ಮ ಫ್ಲ್ಯಾಟುಗಳಲ್ಲಿ ಪುಸ್ತಕಗಳಿಗೇ ಜಾಗವಿಲ್ಲದಿರುವಾಗ ಕತ್ತಲೆಕೋಣೆ ಎಲ್ಲಿಂದ ಬಂದೀತು? ಇದಕ್ಕೆ ಉತ್ತರ ನಮ್ಮ ಕನ್ನಡ ಸಂಘಗಳಲ್ಲಿದೆ. ಸ್ವಂತ ಕಟ್ಟಡವಿರುವ ಸಂಘ ಕಿಟಕಿಯಿಲ್ಲದ ಒಂದು ಉಗ್ರಾಣವನ್ನು ಬಿಟ್ಟುಕೊಟ್ಟರೆ ಸಾಕು: ನೀರಿನ ನಲ್ಲಿ, ಗಾಳಿಯಾಡಿಸುವ ಫ್ಯಾನು, ಕೆಂಪು ದೀಪ, ಹತ್ತು ಮಂದಿ ಹಂಚಿಕೊಳ್ಳುವ ಒಂದು ಎನ್‌ಲಾರ್ಜರ್. ಊರಿನಿಂದ ತಂದು ಕಪಾಟಿನಲ್ಲಿಟ್ಟ ಅಜ್ಜ-ಅಜ್ಜಿಯರ ನೆಗೆಟಿವ್‌ಗಳು ಅಲ್ಲಿ ಮತ್ತೆ ಚಿತ್ರವಾಗಬಹುದು. ಮಾತೃಭಾಷೆ ಓದಲು ತೊಡರುವ ನಮ್ಮ ಮಕ್ಕಳನ್ನು ಸಂಘದ ಬಾಗಿಲಿಗೆ ಕರೆತರಲು ಭಾಷಣಕ್ಕಿಂತ ಇದು ಹೆಚ್ಚು ಪರಿಣಾಮಕಾರಿಯಾದೀತು. ಮುಂದಿನ ವಾರ್ಷಿಕ ಸಭೆಯಲ್ಲಿ ಯಾರಾದರೂ ಈ ವಿಷಯ ಎತ್ತಲಿ. ಅಷ್ಟರೊಳಗೆ ನಿಮಗೆ ತಿಳಿದ ಯಾವುದಾದರೂ ಅಟ್ಟದ ಮೇಲೆ ಎನ್‌ಲಾರ್ಜರ್ ಇದ್ದರೆ, ಗುಜರಿಯವನನ್ನು ಕರೆಯದಂತೆ ಅದರ ಒಡೆಯರಿಗೆ ಒಂದು ಮಾತು ಹೇಳಿಡಿ.